ಬೇಸ್ ಆಂಪ್ ಸೌಂಡ್ ಇಳಿದಿದೆಯಾ? ಮುಚ್ಚಳ ಬಿಚ್ಚುವ ಮುಂಚೆ ಇಷ್ಟು ನೋಡಿ

ಗಣೇಶನ ಹಬ್ಬದಿಂದ ಹಿಡಿದು ನವೆಂಬರ್ ಮುಗಿಯುವವರೆಗೆ ಮಂಡ್ಯ ಜಿಲ್ಲೆಯಲ್ಲಿ ಆರ್ಕೆಸ್ಟ್ರಾದವರಿಗೆ ಬಿಡುವಿರುವುದಿಲ್ಲ. ಇವತ್ತು ಮದ್ದೂರು, ನಾಳೆ ಪಾಂಡವಪುರ, ನಾಡಿದ್ದು ಕೆ.ಆರ್. ಪೇಟೆ. ಬೇಸ್ ಗಿಟಾರ್‌ನ ಆಂಪ್‌ಗಳು (ಆಂಪ್ಲಿಫೈಯರ್‌ಗಳು) ಟೆಂಪೋದಲ್ಲಿ ಕುಲುಕಿ, ಶಾಮಿಯಾನದ ಧೂಳು ಕುಡಿದು, ರಾತ್ರಿ ಇಬ್ಬನಿಯಲ್ಲಿ ನೆನೆದು ವಾಪಸ್ ಬರುತ್ತವೆ. ಆ ಸೀಸನ್‌ನಲ್ಲೇ ಫೋನ್ ಜಾಸ್ತಿ: "ಅಣ್ಣಾ, ಆಂಪ್ ಆನ್ ಆಯ್ತದೆ, ಲೈಟೂ ಉರೀತದೆ. ಆದ್ರೆ ಬೇಸ್ ಸೌಂಡೇ ಇಲ್ಲ. ಹತ್ತಕ್ಕಿಟ್ರೂ ಎರಡಕ್ಕಿಟ್ಟಂಗೆ ಕೇಳ್ತದೆ."

ಪೂರ್ತಿ ಸತ್ತ ಆಂಪ್‌ನ ಕತೆ ಬೇರೆ. ಇಲ್ಲಿ ಹೇಳುತ್ತಿರುವುದು ಆನ್ ಆಗುವ, ಸದ್ದೂ ಬರುವ, ಆದರೆ ಮೊದಲಿನಷ್ಟು ಬರದ ಆಂಪ್ ಬಗ್ಗೆ ಮಾತ್ರ.

ಒಂದು ಲೆಕ್ಕ ಮೊದಲೇ ತಿಳಿದಿರಲಿ. ಆಂಪ್‌ನ ಶಕ್ತಿ ಅರ್ಧಕ್ಕೆ ಇಳಿದರೆ ಸದ್ದು ಇಳಿಯುವುದು ಬರೀ 3 ಡೆಸಿಬಲ್. ಕಿವಿಗೆ ಅದು "ಸ್ವಲ್ಪ ಕಡಿಮೆಯಾಯ್ತಲ್ವಾ" ಅನ್ನುವಷ್ಟು ಮಾತ್ರ. ಸದ್ದು ಅರ್ಧಕ್ಕೆ ಇಳಿದಂತೆ ಕೇಳಬೇಕಾದರೆ ಸುಮಾರು 10 ಡೆಸಿಬಲ್ ಹೋಗಿರಬೇಕು, ಅಂದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಬಂದಿರಬೇಕು. 200 ವ್ಯಾಟ್ ಆಂಪ್ 20 ವ್ಯಾಟ್‌ಗೆ ಬಿದ್ದ ಹಾಗೆ. ಟ್ರಾನ್ಸಿಸ್ಟರ್ ಆಂಪ್‌ನ ಪವರ್ ಭಾಗ ಹೀಗೆ ಮೆಲ್ಲಗೆ ಸೊರಗುವುದು ಅಪರೂಪ. ಅದು ಕೆಟ್ಟರೆ ಸದ್ದು ಪೂರ್ತಿ ನಿಲ್ಲುತ್ತದೆ, ಇಲ್ಲವೇ ಜೋರಾಗಿ ಗುಂಯ್ ಅನ್ನುತ್ತದೆ, ಇಲ್ಲವೇ ಫ್ಯೂಸ್ ಹಾರುತ್ತದೆ. ಹಾಗಾಗಿ ವಾಲ್ಯೂಮ್ ಇದ್ದಕ್ಕಿದ್ದಂತೆ ತುಂಬಾ ಇಳಿದಿದ್ದರೆ ನನ್ನ ಅನುಮಾನ ಮೊದಲು ಹೋಗುವುದು ಪಿನ್, ಜ್ಯಾಕ್, ಸ್ವಿಚ್, ಬ್ಯಾಟರಿ ಕಡೆಗೆ. ಇವನ್ನೆಲ್ಲ ಸ್ಕ್ರೂಡ್ರೈವರ್ ಮುಟ್ಟದೆಯೇ ನೋಡಬಹುದು.

ಜಾಗದ ಮೋಸ

ಮೈಸೂರಿನ ಒಂದು ಸಣ್ಣ ರೂಮಿನಲ್ಲಿ ಪ್ರಾಕ್ಟೀಸ್ ಮಾಡುವಾಗ ಗೋಡೆ ನಡುಗಿಸಿದ ಆಂಪ್, ಊರ ಮುಂದಿನ ಬಯಲಿನಲ್ಲಿ ಬೆಕ್ಕಿನ ಮರಿಯಂತಾಗುತ್ತದೆ. ಆಂಪ್ ಕೆಟ್ಟಿಲ್ಲ. ಬೇಸ್‌ನ ದಪ್ಪ ತಂತಿ, ಅಂದರೆ ಇ ತಂತಿ, ಸುಮಾರು 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಆ ಅಲೆಯ ಉದ್ದ 8 ಮೀಟರ್‌ಗೂ ಜಾಸ್ತಿ. ರೂಮಿನಲ್ಲಿ ಗೋಡೆ, ನೆಲ, ಮೂಲೆ ಎಲ್ಲ ಸೇರಿ ಅದಕ್ಕೆ ಬಲ ಕೊಡುತ್ತವೆ. ಬಯಲಿನಲ್ಲಿ ಕೊಡುವವರು ಯಾರೂ ಇಲ್ಲ.

ಆದ್ದರಿಂದ ಹೋಲಿಸುವುದಾದರೆ ಅದೇ ಜಾಗದಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಹೋಲಿಸಿ. ಸ್ಪೀಕರ್ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಕುರ್ಚಿ ಮೇಲೆ ಇಟ್ಟಿದ್ದರೆ ಕೆಳಗಿಳಿಸಿ ನೆಲಕ್ಕೆ ಇಡಿ. ಹಿಂದೆ ಗೋಡೆ ಇದ್ದರೆ ಅದರ ಹತ್ತಿರಕ್ಕೆ ತಳ್ಳಿ. ಇನ್ನೊಂದು, ಪೆಟ್ಟಿಗೆ ನಿಮ್ಮ ಮೊಣಕಾಲಿನ ಎತ್ತರದಲ್ಲಿದ್ದರೆ ಸ್ಪಷ್ಟವಾದ ಸದ್ದೆಲ್ಲ ಮೊಣಕಾಲಿಗೇ ಕೇಳುತ್ತದೆ, ಕಿವಿಗಲ್ಲ. ಸ್ವಲ್ಪ ಹಿಂದಕ್ಕೆ ವಾಲಿಸಿ ಇಡಿ, ಅಥವಾ ನೀವೇ ನಾಲ್ಕು ಹೆಜ್ಜೆ ಹಿಂದೆ ಸರಿದು ಕೇಳಿ. ಇಷ್ಟಕ್ಕೇ ಎಷ್ಟೋ ದೂರುಗಳು ಮುಗಿದುಹೋಗುತ್ತವೆ.

ಗಿಟಾರ್ ಮತ್ತು ಕೇಬಲ್

ಮಧ್ಯದಲ್ಲಿರುವ ಪೆಡಲ್, ಟ್ಯೂನರ್, ವೈರ್‌ಲೆಸ್ ಎಲ್ಲ ತೆಗೆಯಿರಿ. ಒಂದು ಬೇಸ್, ಒಂದು ಕೇಬಲ್, ಒಂದು ಆಂಪ್. ಈಗಲೂ ಸದ್ದು ಕಡಿಮೆಯೇ ಇದ್ದರೆ ಮುಂದೆ ಹೋಗೋಣ. ಸರಿಯಾದರೆ ತೆಗೆದ ಪೆಡಲ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ಬನ್ನಿ, ಕಳ್ಳ ತಾನಾಗೇ ಸಿಗುತ್ತಾನೆ.

ನಿಮ್ಮದು ಆಕ್ಟಿವ್ ಬೇಸ್ ಆಗಿದ್ದರೆ ಒಳಗೆ 9 ವೋಲ್ಟ್ ಬ್ಯಾಟರಿ ಇರುತ್ತದೆ. ಕೇಬಲ್ ಚುಚ್ಚಿದ ಕ್ಷಣದಿಂದ ಅದು ಖರ್ಚಾಗುತ್ತಿರುತ್ತದೆ, ನೀವು ನುಡಿಸಲಿ ಬಿಡಲಿ. ಪ್ರೋಗ್ರಾಂ ಮುಗಿದ ಮೇಲೆ ಕೇಬಲ್ ಹಾಗೇ ಬಿಟ್ಟು ಊಟಕ್ಕೆ ಹೋಗಿ, ಅಲ್ಲಿಂದ ಮನೆಗೆ ಹೋಗುವವರು ಬಹಳ ಜನ. ಬ್ಯಾಟರಿ ಇಳಿದಾಗ ಮೊದಲು ಜೋರಾಗಿ ಹೊಡೆದ ಸ್ವರ ಒಡೆದಂತೆ ಕೇಳುತ್ತದೆ, ಆಮೇಲೆ ವಾಲ್ಯೂಮೇ ಕುಸಿಯುತ್ತದೆ. ಹೊಸ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ 9 ವೋಲ್ಟ್‌ಗಿಂತ ಸ್ವಲ್ಪ ಮೇಲೆ ತೋರಿಸುತ್ತದೆ. 8ಕ್ಕಿಂತ ಕೆಳಗಿದ್ದರೆ ಯೋಚನೆ ಮಾಡಬೇಡಿ, ಬದಲಾಯಿಸಿ. ಬೇಸ್ ಮೇಲೆ ಆಕ್ಟಿವ್-ಪ್ಯಾಸಿವ್ ಸ್ವಿಚ್ ಇದ್ದರೆ ಇನ್ನೂ ಸುಲಭ. ಪ್ಯಾಸಿವ್‌ಗೆ ಹಾಕಿದ ಕೂಡಲೇ ಸದ್ದು ಚೆನ್ನಾಗಿ ಬಂದರೆ ಆಂಪ್‌ಗೆ ಬೈಯುವುದು ಬಿಡಿ, ತಪ್ಪು ಬ್ಯಾಟರಿಯದು ಅಥವಾ ಬೇಸ್ ಒಳಗಿನ ಸರ್ಕ್ಯೂಟ್‌ನದು.

ಒಂದೇ ತಂತಿ ಮೆಲ್ಲಗೆ ಕೇಳಿ ಉಳಿದವು ಸರಿಯಾಗಿದ್ದರೆ ಅದೂ ಆಂಪ್ ಸಮಸ್ಯೆಯಲ್ಲ. ಪಿಕಪ್, ಅಂದರೆ ತಂತಿಗಳ ಕೆಳಗೆ ಕೂತು ಅವುಗಳ ಮಿಡಿತ ಹಿಡಿಯುವ ಭಾಗ, ಒಂದು ಕಡೆ ತಗ್ಗಿರಬಹುದು. ಅದರ ಪಕ್ಕದ ಸ್ಕ್ರೂ ತಿರುಗಿಸಿ ಮೇಲೆತ್ತಿ.

ಕೇಬಲ್ ಪರೀಕ್ಷೆಗೆ ಇನ್ನೊಂದು ಒಳ್ಳೆಯ ಕೇಬಲ್ ಹಾಕಿ ನೋಡುವುದೇ ಸರಿ. ಒಳಗಿನ ತಂತಿ ಪಿನ್ ಹತ್ತಿರ ಕಡಿದುಹೋಗಿದ್ದರೆ ಕೆಲವೊಮ್ಮೆ ಸದ್ದು ಪೂರ್ತಿ ನಿಲ್ಲದೆ, ತೆಳ್ಳಗೆ, ದೂರದ ರೇಡಿಯೋ ತರಹ ಬರುತ್ತದೆ. ಅದಕ್ಕೇ ಜನ ಆಂಪ್ ಮೇಲೆ ಅನುಮಾನ ಪಡುವುದು. ಪಿನ್ ಬದಲಾಯಿಸಬೇಕಾದರೆ ಅಂಗಡಿಯಲ್ಲಿ ಪಿ-38 ಮೋನೋ ಅಂತ ಕೇಳಿ, ನಮ್ಮ ಕಡೆ ಅದೇ ಹೆಸರು ನಡೆಯುವುದು. ಪ್ಲಾಸ್ಟಿಕ್‌ನದು ಬೇಡ, ಮೆಟಲ್‌ನದು ತೆಗೆದುಕೊಳ್ಳಿ.

ಮುಂಭಾಗದ ಗುಂಡಿಗಳು

ಟೆಂಪೋದಿಂದ ಇಳಿಸುವಾಗ ಯಾರದೋ ಕೈ ತಗುಲಿ ಸ್ವಿಚ್ ಒತ್ತಿರುತ್ತದೆ. ಇನ್‌ಪುಟ್ ಹತ್ತಿರ ಪ್ಯಾಡ್ ಅಥವಾ ಆಕ್ಟಿವ್ ಎಂಬ ಸ್ವಿಚ್ ಇದೆಯಾ ನೋಡಿ. ಅದು ಒಳಬರುವ ಸದ್ದನ್ನು 10 ಅಥವಾ 15 ಡೆಸಿಬಲ್ ಇಳಿಸುತ್ತದೆ. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ, ಅಂದರೆ ಉಳಿಯುವುದು ಅರ್ಧ ಸದ್ದು, ಇಲ್ಲವೇ ಅದಕ್ಕೂ ಕಡಿಮೆ. ಕೆಲವು ಆಂಪ್‌ಗಳಲ್ಲಿ ಸ್ವಿಚ್ ಬದಲು ಎರಡು ತೂತು ಇರುತ್ತವೆ. ಪ್ಯಾಸಿವ್ ಬೇಸ್ ಅನ್ನು ಆಕ್ಟಿವ್ ತೂತಿಗೆ ಚುಚ್ಚಿದರೂ ಇದೇ ಗತಿ.

ಗೇನ್ ಬೇರೆ, ಮಾಸ್ಟರ್ ಬೇರೆ. ಗೇನ್ ಒಳಬರುವ ಸಿಗ್ನಲ್‌ನ ಗುಂಡಿ, ಮಾಸ್ಟರ್ ಹೊರಹೋಗುವ ಸದ್ದಿನದು. ಗೇನ್ ಸೊನ್ನೆ ಹತ್ತಿರವಿಟ್ಟು ಮಾಸ್ಟರ್ ಪೂರ್ತಿ ತಿರುಗಿಸಿದರೆ ಶ್ಶ್ ಅನ್ನುವ ಸದ್ದು ಜಾಸ್ತಿ, ಬೇಸ್ ಕಡಿಮೆ. ಜೋರಾಗಿ ಹೊಡೆದಾಗ ಪೀಕ್ ಲೈಟ್ ಆಗಾಗ ಮಿನುಗುವಷ್ಟು ಗೇನ್ ಕೊಡಿ, ಆಮೇಲೆ ಮಾಸ್ಟರ್ ಏರಿಸಿ. ಎಷ್ಟು ಹೊಡೆದರೂ ಪೀಕ್ ಲೈಟ್ ಹತ್ತುವುದೇ ಇಲ್ಲವೆಂದರೆ ಸಿಗ್ನಲ್ ಒಳಗೆ ಸರಿಯಾಗಿ ಬರುತ್ತಿಲ್ಲ. ಈ ಸುಳಿವು ಬಹಳ ಉಪಯೋಗಕ್ಕೆ ಬರುತ್ತದೆ.

ಕಂಟೂರ್ ಅಥವಾ ಶೇಪ್ ಎಂಬ ಗುಂಡಿಯೂ ಒಂದಿರುತ್ತದೆ. ಒಬ್ಬರೇ ಕೂತು ನುಡಿಸುವಾಗ ಅದು ಬಹಳ ಚೆಂದ. ಮಧ್ಯದ ಸ್ವರಗಳನ್ನು ತಗ್ಗಿಸಿ ಕೆಳಗಿನದನ್ನೂ ಮೇಲಿನದನ್ನೂ ಎತ್ತುತ್ತದೆ. ಆದರೆ ಕೀಬೋರ್ಡ್, ರಿದಂ ಪ್ಯಾಡ್, ತಬಲಾ ಎಲ್ಲ ಶುರುವಾದ ಮೇಲೆ ಬೇಸ್ ಕೇಳಿಸುವುದೇ ಆ ಮಧ್ಯದ ಭಾಗದಿಂದ. ಅದನ್ನು ಆಫ್ ಮಾಡಿ, ಬೇಸ್, ಮಿಡ್, ಟ್ರೆಬಲ್ ಮೂರನ್ನೂ ನಡುವಿಗೆ ತಂದು, ಮಿಡ್ ಸ್ವಲ್ಪ ಏರಿಸಿ. "ಸೌಂಡ್ ಇಲ್ಲ" ಅಂದವರು ಬೇಸ್ ಗುಂಡಿಯನ್ನೇ ಇನ್ನೂ ಏರಿಸಲು ಹೋಗುತ್ತಾರೆ. ಅದರಿಂದ ಆಂಪ್ ಸುಸ್ತಾಗುತ್ತದೆಯೇ ಹೊರತು ಬೇಸ್ ಮುಂದೆ ಬರುವುದಿಲ್ಲ.

ಗುಂಡಿ ತಿರುಗಿಸುವಾಗ ಕರಕರ ಅಂದರೆ, ಒಂದು ಜಾಗದಲ್ಲಿ ಸದ್ದು ಹೋಗಿ ಇನ್ನೊಂದು ಜಾಗದಲ್ಲಿ ಬಂದರೆ, ಒಳಗೆ ಧೂಳು ಕೂತಿದೆ. ಆಂಪ್ ಆಫ್ ಮಾಡಿ ಪ್ರತಿ ಗುಂಡಿಯನ್ನೂ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ತಿರುಗಿಸಿ. ತಾತ್ಕಾಲಿಕವಾಗಿ ಇದೇ ಸಾಕು.

ಹಿಂಭಾಗದ ತೂತುಗಳು: ಬಹಳ ಸಲ ಕಳ್ಳ ಇಲ್ಲೇ

ಆಂಪ್ ಹಿಂದೆ ಸೆಂಡ್, ರಿಟರ್ನ್ ಎಂದು ಎರಡು ಜ್ಯಾಕ್ ಇರುತ್ತವೆ. ಎಫೆಕ್ಟ್ಸ್ ಲೂಪ್ ಅಂತ ಬರೆದಿರಬಹುದು, ಎಫೆಕ್ಟ್ ಪೆಡಲ್‌ಗಳನ್ನು ಆಂಪ್‌ನ ನಡುವೆ ಸೇರಿಸುವ ಜಾಗ ಅದು. ನಮ್ಮ ಆರ್ಕೆಸ್ಟ್ರಾದವರಲ್ಲಿ ಇದನ್ನು ಬಳಸುವವರು ಕಡಿಮೆ. ಬಳಸದೆ ಇರುವುದರಿಂದಲೇ ತೊಂದರೆ.

ಯಾಕೆಂದರೆ, ರಿಟರ್ನ್ ಜ್ಯಾಕ್ ಒಳಗೆ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಅಲ್ಲಿ ಪಿನ್ ಚುಚ್ಚದಿದ್ದಾಗ ಆ ಪಟ್ಟಿ ಇನ್ನೊಂದಕ್ಕೆ ತಾಗಿಕೊಂಡಿದ್ದು, ಪ್ರೀಆಂಪ್‌ನ (ಗೇನ್, ಟೋನ್ ಗುಂಡಿಗಳಿರುವ ಮುಂದಿನ ಭಾಗದ) ಸದ್ದನ್ನು ಸ್ಪೀಕರ್ ಓಡಿಸುವ ಪವರ್ ಭಾಗಕ್ಕೆ ದಾಟಿಸುತ್ತದೆ. ಅನೇಕ ಆಂಪ್‌ಗಳಲ್ಲಿ ನಿಮ್ಮ ಬೇಸ್‌ನ ಪ್ರತಿ ಸ್ವರವೂ ಆ ಕಡ್ಲೆಕಾಳಿನಷ್ಟು ಜಾಗದ ಮೂಲಕವೇ ಹಾದುಹೋಗಬೇಕು. ವರ್ಷಗಟ್ಟಲೆ ಯಾರೂ ಪಿನ್ ಹಾಕದೆ ಬಿಟ್ಟರೆ ಮಳೆಗಾಲದ ತೇವಕ್ಕೆ, ಧೂಳಿಗೆ ಅಲ್ಲಿ ಕಿಲುಬು ಹಿಡಿಯುತ್ತದೆ. ಸಂಪರ್ಕ ಪೂರ್ತಿ ಕಡಿಯುವುದಿಲ್ಲ, ದುರ್ಬಲವಾಗುತ್ತದೆ. ಸದ್ದು ಇಳಿಯುತ್ತದೆ, ಬರುತ್ತದೆ, ಹೋಗುತ್ತದೆ, ಒಮ್ಮೊಮ್ಮೆ ಒಡೆಯುತ್ತದೆ.

ಪರೀಕ್ಷೆ ಸುಲಭ. ಎರಡೂ ತುದಿಗೆ ಪಿ-38 ಪಿನ್ ಇರುವ ಗಿಡ್ಡ ಕೇಬಲ್ ತೆಗೆದುಕೊಳ್ಳಿ. ವಾಲ್ಯೂಮ್ ಸೊನ್ನೆಗೆ ಇಳಿಸಿ. ಒಂದು ತುದಿ ಸೆಂಡ್‌ಗೆ, ಇನ್ನೊಂದು ರಿಟರ್ನ್‌ಗೆ ಚುಚ್ಚಿ. ಈಗ ಮೆಲ್ಲಗೆ ಏರಿಸಿ ನುಡಿಸಿ. ಹಳೆಯ ಸದ್ದು ವಾಪಸ್ ಬಂತಾ? ರೋಗ ಸಿಕ್ಕಿತು. ಅವತ್ತಿನ ಪ್ರೋಗ್ರಾಂ ಹಾಗೇ ಕೇಬಲ್ ಚುಚ್ಚಿಕೊಂಡೇ ಮುಗಿಸಬಹುದು, ಏನೂ ಅಪಾಯವಿಲ್ಲ.

ಆಮೇಲೆ ಜ್ಯಾಕ್ ಸ್ವಚ್ಛ ಮಾಡಿ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಒಂದು ಪಿನ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ, ರಿಟರ್ನ್ ಜ್ಯಾಕ್‌ಗೆ ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ. ಸ್ವಲ್ಪ ಹೊತ್ತು ಒಣಗಲು ಬಿಡಿ. ಕಾಂಟ್ಯಾಕ್ಟ್ ಕ್ಲೀನರ್ ಸಿಗದಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಆಗುತ್ತದೆ, ಮೊಬೈಲ್ ರಿಪೇರಿ ಅಂಗಡಿಯವರು ಬಳಸುವುದು ಅದನ್ನೇ. ಸೀಮೆಎಣ್ಣೆ, ಪೆಟ್ರೋಲ್, ತೆಂಗಿನೆಣ್ಣೆ ಇವೆಲ್ಲ ಬೇಡ. ಉಪ್ಪುಕಾಗದವಂತೂ ಬೇಡವೇ ಬೇಡ. ಜ್ಯಾಕ್ ಮೇಲಿನ ತೆಳು ಲೇಪ ಕೆರೆದುಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಿಲುಬು ಹತ್ತುತ್ತದೆ.

ಹೆಡ್‌ಫೋನ್ ಜ್ಯಾಕ್‌ಗೂ ಇದೇ ಚಿಕಿತ್ಸೆ. ಅದರೊಳಗೂ ಇಂಥದ್ದೇ ಸ್ವಿಚ್ ಇದ್ದು, ಪಿನ್ ಹಾಕಿದಾಗ ಸ್ಪೀಕರ್ ಸದ್ದು ನಿಲ್ಲಿಸುತ್ತದೆ. ಪಿನ್ ತೆಗೆದ ಮೇಲೂ ಅದು ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಸ್ಪೀಕರ್ ಸದ್ದು ಮಂಕಾಗಿಯೇ ಉಳಿಯುತ್ತದೆ.

ರೋಗ ಮುಂದಿದೆಯೋ ಹಿಂದಿದೆಯೋ

ಇನ್ನೂ ಸಿಗಲಿಲ್ಲವಾ? ಆಂಪ್ ಅನ್ನು ಎರಡು ಭಾಗ ಮಾಡಿ ಯೋಚಿಸಿ. ಮುಂದಿನದು ಪ್ರೀಆಂಪ್, ಹಿಂದಿನದು ಪವರ್ ಆಂಪ್ ಮತ್ತು ಸ್ಪೀಕರ್. ಮೊಬೈಲ್‌ನಿಂದ ಒಂದು ಹಾಡು ಹಾಕಿ, ಅದರ ವಾಲ್ಯೂಮ್ ಕಡಿಮೆಯಿಟ್ಟು, ಆಕ್ಸ್ ಇನ್ ಅಥವಾ ರಿಟರ್ನ್ ಜ್ಯಾಕ್‌ಗೆ ಕೊಡಿ. ಮೆಲ್ಲಗೆ ಏರಿಸಿ. ಹಾಡು ಜೋರಾಗಿ, ಸ್ವಚ್ಛವಾಗಿ ಬಂದರೆ ಹಿಂಭಾಗ ಆರೋಗ್ಯವಾಗಿದೆ, ತೊಂದರೆ ಪ್ರೀಆಂಪ್‌ನಲ್ಲಿ ಅಥವಾ ಇನ್‌ಪುಟ್ ಜ್ಯಾಕ್‌ನಲ್ಲಿದೆ. ಹಾಡೂ ಮಂಕಾಗಿದ್ದರೆ ತೊಂದರೆ ಹಿಂದಿದೆ.

ತಿರುಗಿಸಿಯೂ ನೋಡಬಹುದು. ಬೇಸ್ ಚುಚ್ಚಿ ಹೆಡ್‌ಫೋನ್‌ನಲ್ಲಿ ಕೇಳಿ, ಅಥವಾ ಡಿಐ ಔಟ್‌ನಿಂದ (ಮಿಕ್ಸರ್‌ಗೆ ನೇರ ಲೈನ್ ಕೊಡುವ ಜ್ಯಾಕ್) ಮಿಕ್ಸರ್‌ಗೆ ಕೊಡಿ. ಅಲ್ಲಿ ಚೆನ್ನಾಗಿ ಬಂದು ಸ್ಪೀಕರ್‌ನಲ್ಲಿ ಮಾತ್ರ ಬರದಿದ್ದರೆ ಪ್ರೀಆಂಪ್ ಸರಿಯಿದೆ ಎಂದಾಯಿತು. ಅಂದಹಾಗೆ, ಡಿಐ ಸರಿಯಿದ್ದರೆ ಅವತ್ತಿನ ಪ್ರೋಗ್ರಾಂಗೆ ಮೈಕ್‌ಸೆಟ್‌ನವರ ಮಿಕ್ಸರ್‌ಗೇ ಲೈನ್ ಕೊಟ್ಟು ಬಚಾವಾಗಬಹುದು. ನಿಮಗೆ ಮಾನಿಟರ್‌ನಲ್ಲಿ ಸ್ವಲ್ಪ ಬೇಸ್ ಹಾಕಿಸಿಕೊಳ್ಳಿ, ಅಷ್ಟೇ.

ಸ್ಪೀಕರ್

ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್) ಬೇರೆ, ಸ್ಪೀಕರ್ ಪೆಟ್ಟಿಗೆ ಬೇರೆ ಇದ್ದರೆ ನಡುವಿನ ಕೇಬಲ್ ನೋಡಿ. ಗಿಟಾರ್ ಕೇಬಲ್‌ನಲ್ಲಿ ಸ್ಪೀಕರ್ ಓಡಿಸಬಾರದು. ಎರಡೂ ಪಿ-38 ಆಗಿರುವುದರಿಂದ ಚುಚ್ಚಿದರೆ ಕೂರುತ್ತದೆ, ಸದ್ದೂ ಬರುತ್ತದೆ. ಆದರೆ ಒಳಗಿನ ತಂತಿ ನೂಲಿನಷ್ಟು ಸಣ್ಣ. ಶಕ್ತಿ ಅಲ್ಲೇ ಬಿಸಿಯಾಗಿ ಪೋಲಾಗುತ್ತದೆ, ಕರಗಿ ಶಾರ್ಟ್ ಆದರೆ ಆಂಪೇ ಹೋಗುತ್ತದೆ. ಸ್ಪೀಕಾನ್ (ತಿರುಗಿಸಿ ಲಾಕ್ ಮಾಡುವ ಸ್ಪೀಕರ್ ಪ್ಲಗ್) ಆಗಿದ್ದರೆ ಚುಚ್ಚಿ ಟಕ್ ಎನ್ನುವವರೆಗೆ ತಿರುಗಿಸಿದ್ದೀರಾ ನೋಡಿ.

ಎರಡು ಪೆಟ್ಟಿಗೆ ಇದ್ದು ಒಂದು ಸುಮ್ಮನಾದರೆ ಸದ್ದು ಗಮನಕ್ಕೆ ಬರುವಷ್ಟು ಇಳಿಯುತ್ತದೆ, ಕೆಳಸ್ವರಗಳಲ್ಲಿ ಸುಮಾರು 6 ಡೆಸಿಬಲ್. ನುಡಿಸುತ್ತಾ ಪ್ರತಿ ಸ್ಪೀಕರ್ ಕಾಗದದ ಮೇಲೆ ಮೆಲ್ಲಗೆ ಬೆರಳು ಇಡಿ, ನಡುಗುತ್ತಿದೆಯಾ ಗೊತ್ತಾಗುತ್ತದೆ.

ಮಲ್ಟಿಮೀಟರ್ ಇದ್ದರೆ ಆಂಪ್‌ನಿಂದ ಪೆಟ್ಟಿಗೆ ಬಿಚ್ಚಿ ಓಮ್ಸ್ ಅಳೆಯಿರಿ. 8 ಓಮ್ಸ್ ಎಂದು ಬರೆದ ಪೆಟ್ಟಿಗೆ ಮೀಟರ್‌ನಲ್ಲಿ ಸುಮಾರು 6 ತೋರಿಸುತ್ತದೆ, 4 ಓಮ್ಸ್‌ನದು ಸುಮಾರು 3 ಅಥವಾ ಮೂರೂವರೆ. ಕಡಿಮೆ ತೋರಿಸಿತು ಅಂತ ಗಾಬರಿ ಬೇಡ, ಅದು ಸಹಜ. ನಾಲ್ಕು 10 ಇಂಚಿನ ಸ್ಪೀಕರ್ ಇರುವ ಹಲವು ಪೆಟ್ಟಿಗೆಗಳಲ್ಲಿ ಎರಡೆರಡು ಸ್ಪೀಕರ್ ಒಂದರ ಹಿಂದೊಂದು ಜೋಡಿಸಿರುತ್ತಾರೆ. ಅಲ್ಲಿ ಒಂದರ ಕಾಯಿಲ್ ಕಡಿದರೆ ಅದರ ಜೊತೆಗಾರನೂ ಸುಮ್ಮನಾಗುತ್ತದೆ. 6 ಬರಬೇಕಾದ ಕಡೆ 12ರ ಆಸುಪಾಸು ಬಂದರೆ ಕತೆ ಇದೇ.

ಇತ್ತೀಚೆಗೆ ಯಾರಾದರೂ ಸ್ಪೀಕರ್ ಬಿಚ್ಚಿ ಹಾಕಿದ್ದಾರಾ, ಕೋನ್ ಬದಲಾಯಿಸಿದ್ದಾರಾ? ಆಗಿನಿಂದಲೇ ಬೇಸ್ ತೆಳುವಾಗಿದ್ದರೆ ಪ್ಲಸ್ ಮೈನಸ್ ತಿರುಗಿರಬಹುದು. ಒಂದು ಸ್ಪೀಕರ್ ಮುಂದೆ ಹೋಗುವಾಗ ಇನ್ನೊಂದು ಹಿಂದೆ ಹೋಗಿ, ಎರಡೂ ಸೇರಿ ಕೆಳಸ್ವರಗಳನ್ನು ಕೊಲ್ಲುತ್ತವೆ. ಆಂಪ್ ಕೇಬಲ್ ಬಿಚ್ಚಿ, ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ತೆಗೆದುಕೊಂಡು, ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಎಲ್ಲ ಸ್ಪೀಕರ್‌ಗಳೂ ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ಉಲ್ಟಾ ಹೋದರೆ ಅದರ ತಂತಿ ಬದಲಿಸಿ.

ಕರೆಂಟು

ಹಳ್ಳಿ ಕಡೆ ಪ್ರೋಗ್ರಾಂ ಅಂದಾಗ ಎಲ್ಲರೂ ಮೊದಲು ದೂರುವುದು ವೋಲ್ಟೇಜ್ ಅನ್ನು. ನಾನು ಅದನ್ನು ಕೊನೆಗಿಟ್ಟಿದ್ದಕ್ಕೆ ಕಾರಣವಿದೆ. 230 ವೋಲ್ಟ್ ಇರಬೇಕಾದ ಕಡೆ 180 ಬಂದರೂ ಹಳೆ ಕಾಲದ ದಪ್ಪ ಟ್ರಾನ್ಸ್‌ಫಾರ್ಮರ್ ಇರುವ ಆಂಪ್‌ನ ಶಕ್ತಿ ಸುಮಾರು 60 ಶೇಕಡಾಕ್ಕೆ ಇಳಿಯುತ್ತದೆ, ಅಂದರೆ ಬರೀ 2 ಡೆಸಿಬಲ್. ಸದ್ದು ಬೇಗ ಒಡೆಯುತ್ತದೆ ನಿಜ, ಆದರೆ "ಸೌಂಡೇ ಇಲ್ಲ" ಅನ್ನುವಷ್ಟು ಇಳಿಯುವುದಿಲ್ಲ. ಹೊಸ ಹಗುರ ಆಂಪ್‌ಗಳಲ್ಲಿ ಹಲವು ಕಡಿಮೆ ವೋಲ್ಟೇಜ್‌ನಲ್ಲೂ ಸರಿಯಾಗಿ ಓಡುತ್ತವೆ, ತೀರಾ ಇಳಿದರೆ ತಾವಾಗೇ ಆಫ್ ಆಗುತ್ತವೆ. ವೋಲ್ಟೇಜ್ ಇಳಿದರೆ ಸದ್ದು ಕಡಿಮೆ, ಏರಿದರೆ ಆಂಪ್ ಸುಟ್ಟೇ ಹೋಗುತ್ತದೆ. ನ್ಯೂಟ್ರಲ್ ಕಡಿದಾಗ, ಜನರೇಟರ್ ಸ್ಟಾರ್ಟ್ ಮಾಡುವಾಗ ಹುಷಾರು. ಜನರೇಟರ್ ಓಡಿ ಸ್ಥಿರವಾದ ಮೇಲೆ ಆಂಪ್ ಆನ್ ಮಾಡಿ. ಪ್ಲಗ್‌ನ ಅರ್ಥ್ ಪಿನ್ ಮುರಿದು ಹಾಕಬೇಡಿ. ತುಟಿಗೆ ಮೈಕ್ ತಾಗಿ ಶಾಕ್ ಹೊಡೆಯುವುದು ಅಲ್ಲಿಂದಲೇ.

ಸ್ವಲ್ಪ ಹೊತ್ತು ಆದ ಮೇಲೆ ಇಳಿಯುತ್ತದಾ?

ಶುರುವಿನಲ್ಲಿ ಚೆನ್ನಾಗಿದ್ದು ಅರ್ಧ ಗಂಟೆ ಬಿಟ್ಟು ಇಳಿದರೆ ಬಿಸಿ ಕಾರಣ. ಫ್ಯಾನ್ ತಿರುಗುತ್ತಿದೆಯಾ, ಜಾಲರಿಯಲ್ಲಿ ಧೂಳು ಹತ್ತಿಯಂತೆ ಕಟ್ಟಿದೆಯಾ ನೋಡಿ. ಮೇಲೆ ಟವಲ್ಲು, ಬ್ಯಾಗು ಹಾಕಿ ಗಾಳಿ ಮುಚ್ಚಬೇಡಿ.

ಮೆಲ್ಲಗಿದ್ದ ಸದ್ದು ಒಂದು ಸ್ವರ ಜೋರಾಗಿ ಹೊಡೆದ ಕೂಡಲೇ ಧಡ್ ಅಂತ ಪೂರ್ತಿ ವಾಪಸ್ ಬರುತ್ತದೆಯಾ? ಹಾಗಿದ್ದರೆ ಒಳಗಿನ ರಿಲೇಯ (ತಾನಾಗೇ ಆನ್-ಆಫ್ ಆಗುವ ಸ್ವಿಚ್) ಸಂಪರ್ಕ ಹಾಳಾಗಿರುವ ಸಾಧ್ಯತೆ ಜಾಸ್ತಿ, ಅಥವಾ ಯಾವುದೋ ಜ್ಯಾಕ್. ಪೆಟ್ಟಿಗೆ ಮೇಲೆ ಅಂಗೈಯಿಂದ ತಟ್ಟಿದಾಗ ಬಂದು ಹೋದರೆ ಡ್ರೈ ಸೋಲ್ಡರ್, ಅಂದರೆ ಬೋರ್ಡ್ ಮೇಲಿನ ಬೆಸುಗೆ ಬಿರುಕು ಬಿಟ್ಟು ಸಡಿಲವಾಗಿದೆ. ಎರಡೂ ದೊಡ್ಡ ರಿಪೇರಿಯಲ್ಲ. ಆದರೆ ನೀವು ಮಾಡುವುದಲ್ಲ.

ಇಲ್ಲಿಗೆ ನಿಮ್ಮ ಗಡಿ ಮುಗಿಯಿತು. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ. ವಾಲ್ವ್ ಆಂಪ್ ಆದರೆ ಅದು 400-500 ವೋಲ್ಟ್‌ವರೆಗೂ ಇರಬಹುದು, ಜೀವಕ್ಕೇ ಕುತ್ತು. ವಾಲ್ವ್ ಆಂಪ್ ಅನ್ನು ಸ್ಪೀಕರ್ ಜೋಡಿಸದೆ ಆನ್ ಮಾಡಲೂಬಾರದು. ಸುಟ್ಟ ವಾಸನೆ ಬಂದರೆ ಯಾವ ಪರೀಕ್ಷೆಯೂ ಬೇಡ, ಪ್ಲಗ್ ಕೀಳಿ.

ಮೆಕ್ಯಾನಿಕ್ ಹತ್ತಿರ

ಹೋಗಿ "ಸೌಂಡ್ ಬರ್ತಿಲ್ಲ, ನೋಡಿ" ಅನ್ನಬೇಡಿ. ಮಾಡಿದ ಪರೀಕ್ಷೆಗಳನ್ನು ಚೀಟಿಯಲ್ಲಿ ಬರೆದು ಕೊಡಿ: ಹೆಡ್‌ಫೋನ್‌ನಲ್ಲಿ ಸರಿಯಿದೆ, ರಿಟರ್ನ್‌ಗೆ ಹಾಡು ಕೊಟ್ಟರೆ ಮಂಕು, ಸ್ಪೀಕರ್ 6 ಓಮ್ಸ್ ಇದೆ, ಇಪ್ಪತ್ತು ನಿಮಿಷ ಆದ ಮೇಲೆ ಇಳಿಯುತ್ತದೆ, ಹೀಗೆ. ಅವರಿಗೆ ಅರ್ಧ ದಿನ ಉಳಿಯುತ್ತದೆ, ನಿಮಗೆ ದುಡ್ಡು ಉಳಿಯುತ್ತದೆ. ನೋಡಿದ ಕೂಡಲೇ "ಬೋರ್ಡೇ ಹೋಗಿದೆ, ಹೊಸದು ಹಾಕ್ಬೇಕು" ಅಂದರೆ ಏನು ಅಳೆದು ಹಾಗೆ ಹೇಳುತ್ತಿದ್ದೀರಿ ಸಾರ್ ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ ಬೇಜಾರು ಮಾಡಿಕೊಳ್ಳುವುದಿಲ್ಲ, ತೋರಿಸುತ್ತಾರೆ.

ಪಾರ್ಟ್ ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸುತ್ತಾರೆ, ಅದಕ್ಕೆ ಒಂದೆರಡು ದಿನ ಬೇಕು. ಆದ್ದರಿಂದ ಪ್ರೋಗ್ರಾಂ ಹಿಂದಿನ ದಿನ ಒಯ್ಯಬೇಡಿ. ಬದಲಾಯಿಸಿದ ಹಳೆ ಪಾರ್ಟ್ ವಾಪಸ್ ಕೇಳಿ ತೆಗೆದುಕೊಳ್ಳಿ. ವಾಪಸ್ ತರಲು ಹೋಗುವಾಗ ನಿಮ್ಮದೇ ಬೇಸ್, ನಿಮ್ಮದೇ ಕೇಬಲ್ ಹಿಡಿದುಕೊಂಡು ಹೋಗಿ. ಅಲ್ಲೇ ಕೂತು ಅರ್ಧ ಗಂಟೆ ನುಡಿಸಿ, ಬಿಸಿಯಾದ ಮೇಲೂ ಸದ್ದು ನಿಂತಿದ್ದರೆ ಮಾತ್ರ ದುಡ್ಡು ಕೊಟ್ಟು ಗಾಡಿಗೆ ಹಾಕಿ.